ಕಂಬ ನೆಟ್ಟಗಾದರೆ ಅತ್ತೆ ದಪ್ಪಗಾಗುವುದೇಕೆ?

ಪ್ರಶ್ನೆ: ಸರ್, ಮಂಡ್ಯದಲ್ಲಿ ಸಣ್ಣದೊಂದು ಸ್ಟುಡಿಯೊ ಇಟ್ಟುಕೊಂಡಿದ್ದೇನೆ. ಕ್ಯಾಮೆರಾ ಜೊತೆ ಬಂದ 18–55 ಕಿಟ್ ಲೆನ್ಸ್‌ನಲ್ಲೇ ಕೆಲಸ ನಡೆಯುತ್ತಿದೆ. ಈಚೆಗೆ ಒಂದು ಛತ್ರದಲ್ಲಿ ಮದುವೆಯ ಗ್ರೂಪ್ ಫೋಟೊ ತೆಗೆದಾಗ ಸ್ಟೇಜಿನ ಎರಡು ಪಕ್ಕದ ಕಂಬಗಳೂ ಹೊರಕ್ಕೆ ಬಾಗಿ ಬಂದವು. ಕಂಪ್ಯೂಟರ್‌ನಲ್ಲಿ ಲೆನ್ಸ್ ಕರೆಕ್ಷನ್ ಹಾಕಿದೆ. ಕಂಬ ನೆಟ್ಟಗಾಯಿತು, ಆದರೆ ಸಾಲಿನ ಕೊನೆಯಲ್ಲಿ ನಿಂತಿದ್ದ ಹುಡುಗಿಯ ಸೋದರತ್ತೆ ಮೊದಲಿಗಿಂತ ದಪ್ಪಗಾಗಿಬಿಟ್ಟರು! ಮನೆಯವರು ಆಲ್ಬಮ್ ಒಪ್ಪುತ್ತಿಲ್ಲ. ಅದೇ ಜೋಡಿಯನ್ನು ಮೈಸೂರಿನ ಸಂತ ಫಿಲೋಮಿನಾ ಚರ್ಚ್ ಮುಂದೆ ನಿಲ್ಲಿಸಿ ತೆಗೆದ ಫೋಟೊದಲ್ಲಿ ಗೋಪುರಗಳು ಹಿಂದಕ್ಕೆ ಬೀಳುವಂತೆ ಕಾಣುತ್ತವೆ. ನನ್ನ ಲೆನ್ಸ್ ಕೆಟ್ಟಿದೆಯೇ? ದುಬಾರಿ ವೈಡ್ ಲೆನ್ಸ್ ತೆಗೆದುಕೊಂಡರೆ ಇದೆಲ್ಲ ಸರಿಹೋಗುತ್ತದೆಯೇ?

ಉತ್ತರ: ಲೆನ್ಸ್ ಕೆಟ್ಟಿರುವ ಸಾಧ್ಯತೆ ತೀರಾ ಕಡಿಮೆ. ದುಬಾರಿ ವೈಡ್ ಲೆನ್ಸ್ ತಂದರೆ ಕಂಬ ನೆಟ್ಟಗಾಗಬಹುದು, ಅತ್ತೆಯವರು ಮಾತ್ರ ಹಾಗೇ ಇರುತ್ತಾರೆ. ಹಾಗಾಗಿ ದುಡ್ಡು ಬಿಚ್ಚುವ ಮುಂಚೆ ಸ್ವಲ್ಪ ತಡೆಯಿರಿ.

ನಿಮ್ಮ ಪತ್ರದಲ್ಲಿ ಮೂರು ದೂರುಗಳಿವೆ. ಕಂಬ ಬಾಗಿದ್ದು, ಮನುಷ್ಯರು ಅಗಲವಾದದ್ದು, ಗೋಪುರ ವಾಲಿದ್ದು. ಮೂರಕ್ಕೂ ಎಲ್ಲರೂ ‘ಡಿಸ್ಟಾರ್ಷನ್’ ಎಂದೇ ಹೇಳುತ್ತಾರೆ. ಆದರೆ ಗಾಜಿನ ತಪ್ಪು ಇರುವುದು ಮೊದಲನೆಯದರಲ್ಲಿ ಮಾತ್ರ. ಉಳಿದೆರಡಕ್ಕೆ ಲೆನ್ಸ್ ಬದಲಾಯಿಸುವುದು ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತೆ. ಯಾವುದು ಯಾವುದೆಂದು ಗುರುತಿಸಲು ಒಂದು ಸ್ಟೀಲ್ ಸ್ಕೇಲ್ ಸಾಕು. ಮಾನಿಟರ್ ಮೇಲೆ ಕಂಬದ ಅಂಚಿಗೆ ಸ್ಕೇಲ್ ಇಟ್ಟು ನೋಡಿ. ನಿಜದಲ್ಲಿ ನೆಟ್ಟಗಿರುವ ಗೆರೆ ಫೋಟೊದಲ್ಲಿ ಬಿಲ್ಲಿನಂತಾಗಿದ್ದರೆ ಅದು ಲೆನ್ಸಿನ ಕೆಲಸ. ಗೆರೆ ನೆಟ್ಟಗೇ ಇದ್ದು ಓರೆಯಾಗಿದ್ದರೆ ಕ್ಯಾಮೆರಾ ಹಿಡಿದ ರೀತಿಯಿಂದ ಹಾಗಾಗಿದೆ. ಗೆರೆಗಳೆಲ್ಲ ಸರಿಯಿದ್ದೂ ದುಂಡಗಿರಬೇಕಾದದ್ದು ಮೊಟ್ಟೆಯಾಕಾರ ಆಗಿದ್ದರೆ, ನೀವು ತೀರಾ ಹತ್ತಿರ ನಿಂತು ತುಂಬ ಅಗಲದ ನೋಟವನ್ನು ಒಂದೇ ಚೌಕಟ್ಟಿಗೆ ತುರುಕಿದ್ದೀರಿ.

ಮೊದಲು ಕಂಬ. ಆದರ್ಶ ಲೆನ್ಸ್ ಚಿತ್ರದ ಎಲ್ಲ ಭಾಗವನ್ನೂ ಒಂದೇ ಪ್ರಮಾಣದಲ್ಲಿ ಕುಗ್ಗಿಸಿ ಸೆನ್ಸರ್ ಮೇಲೆ ಬೀಳಿಸಬೇಕು. ನಿಮ್ಮ ಲೆನ್ಸ್ 18 ಮಿ.ಮೀ.ಗೆ, ಅಂದರೆ ಅತಿ ಅಗಲದ ನೋಟ ಹಿಡಿಯುವ ತುದಿಗೆ, ಬಂದಾಗ ನಡುವಿನಲ್ಲಿ ಒಂದು ಪ್ರಮಾಣ, ಅಂಚಿನತ್ತ ಹೋದಂತೆ ಅದಕ್ಕಿಂತ ಕಡಿಮೆ. ನಡುವಿನಿಂದ 10 ಮಿ.ಮೀ. ದೂರ ಬೀಳಬೇಕಾದ ಬಿಂದು 9.7 ಮಿ.ಮೀ.ಗೇ ಬಿದ್ದರೆ ಅದನ್ನು ಶೇಕಡಾ 3ರ ಬ್ಯಾರಲ್ ಡಿಸ್ಟಾರ್ಷನ್ ಎನ್ನುತ್ತಾರೆ. ಪಕ್ಕದ ಕಂಬದ ಹೊಟ್ಟೆಯ ಭಾಗಕ್ಕಿಂತ ಅದರ ತಲೆ ಮತ್ತು ಬುಡ ಚಿತ್ರದ ನಡುವಿನಿಂದ ಹೆಚ್ಚು ದೂರದಲ್ಲಿರುತ್ತವೆ. ಹಾಗಾಗಿ ಅವೆರಡೂ ಹೆಚ್ಚು ಒಳಕ್ಕೆ ಸರಿಯುತ್ತವೆ, ಹೊಟ್ಟೆ ಹೊರಗೇ ಉಳಿಯುತ್ತದೆ. ಚೌಕಟ್ಟಿನ ನಟ್ಟನಡುವೆ ನಿಂತ ಕಂಬ ಮಾತ್ರ ಎಂಥ ಲೆನ್ಸಿನಲ್ಲೂ ಬಾಗುವುದಿಲ್ಲ. ಅದರ ಬಿಂದುಗಳು ಸರಿದರೂ ಅದೇ ಗೆರೆಯ ಮೇಲೇ ಸರಿಯುತ್ತವೆ. ಅಂಚಿನ ಭಾಗ ಹೊರಕ್ಕೆ ಎಳೆದು ಗೆರೆಯ ಹೊಟ್ಟೆ ಒಳಕ್ಕೆ ಬಾಗಿದರೆ ಅದು ಪಿನ್‌ಕುಶನ್. ದೂರದ್ದನ್ನು ಹತ್ತಿರ ತರುವ ಟೆಲಿ ತುದಿಯಲ್ಲಿ ಸಾಮಾನ್ಯವಾಗಿ ಇದೇ ಇರುತ್ತದೆ. ಆದರೆ ರಂಗನತಿಟ್ಟಿನಲ್ಲಿ ಕೊಕ್ಕರೆ ತೆಗೆಯುವವರಿಗೆ ಇದು ಯಾವತ್ತೂ ಗೊತ್ತಾಗುವುದಿಲ್ಲ, ಹಕ್ಕಿಯಲ್ಲಿ ನೆಟ್ಟಗಿನ ಗೆರೆ ಎಲ್ಲಿದೆ?

ಸರಳವಾದ ಬ್ಯಾರಲ್‌ನಲ್ಲಿ ಈ ಸರಿಯುವಿಕೆ ನಡುವಿನಿಂದ ದೂರವಾದಂತೆ ಘನದ ಲೆಕ್ಕದಲ್ಲಿ ಬೆಳೆಯುತ್ತದೆ. ಮೂಲೆಯಲ್ಲಿ ಎಷ್ಟು ಸರಿಯುತ್ತದೋ, ಅರ್ಧ ದಾರಿಯಲ್ಲಿ ಅದರ ಎಂಟನೇ ಒಂದು ಭಾಗ ಮಾತ್ರ. ಆದ್ದರಿಂದ ಕಂಬವನ್ನು ಅಂಚಿಗೆ ತಾಗಿಸದೆ ಸ್ವಲ್ಪ ಒಳಗೆ ತಂದರೂ ಬಾಗು ಬಹಳಷ್ಟು ಕಡಿಮೆಯಾಗುತ್ತದೆ. ಪ್ರಿಂಟ್‌ನಲ್ಲಿ ಇದು ಎಷ್ಟಾಗುತ್ತದೆ ಎಂದು ಲೆಕ್ಕ ಹಾಕಿ ನೋಡೋಣ. ಮೂಲೆಯಲ್ಲಿ ಶೇಕಡಾ 2 ಬ್ಯಾರಲ್ ಇದ್ದರೆ, 12×18 ಇಂಚಿನ ಹಾಳೆಯಲ್ಲಿ ಮೇಲಂಚಿಗೆ ಹೊಂದಿಕೊಂಡ ಗೆರೆ ಸುಮಾರು 2 ಮಿ.ಮೀ. ಬಾಗುತ್ತದೆ. ಎರಡೇ ಮಿ.ಮೀ. ಅನ್ನಬಹುದು. ಪಕ್ಕದಲ್ಲೇ ಹಾಳೆಯ ನೆಟ್ಟಗಿನ ಅಂಚು ಇರುವುದರಿಂದ ಯಾರ ಕಣ್ಣಿಗಾದರೂ ಬೀಳುತ್ತದೆ.

ಅಪರ್ಚರನ್ನು, ಅಂದರೆ ಲೆನ್ಸಿನೊಳಗೆ ಬೆಳಕು ಹಾಯುವ ಕಿಂಡಿಯನ್ನು, ಎಫ್ 11ಕ್ಕೆ ಕಿರಿದು ಮಾಡಿದರೆ ಎಲ್ಲ ಸರಿಹೋಗುತ್ತದೆ ಎಂದು ಯಾರೋ ಹೇಳಿಯೇ ಹೇಳುತ್ತಾರೆ. ಈ ವಿಷಯದಲ್ಲಿ ಅದನ್ನು ನಂಬಬೇಡಿ. ಜರ್ಮನಿಯ ಲುಡ್ವಿಗ್ ಫಾನ್ ಝೈಡಲ್ 1850ರ ದಶಕದಲ್ಲಿ ಲೆನ್ಸಿನ ಮೂಲ ದೋಷಗಳನ್ನು ಐದಾಗಿ ವಿಂಗಡಿಸಿದ. ಅವುಗಳಲ್ಲಿ ನಾಲ್ಕು ಚಿತ್ರವನ್ನು ಮಬ್ಬಾಗಿಸುತ್ತವೆ. ಅಪರ್ಚರ್ ಕಿರಿದು ಮಾಡಿದರೆ ಆ ಮಬ್ಬು ತಗ್ಗುತ್ತದೆ. ಐದನೆಯದಾದ ಡಿಸ್ಟಾರ್ಷನ್ ಯಾವುದನ್ನೂ ಮಬ್ಬು ಮಾಡುವುದಿಲ್ಲ, ಚೂಪಾದ ಬಿಂದುವನ್ನು ಚೂಪಾಗಿಯೇ ತಪ್ಪು ಜಾಗದಲ್ಲಿ ಕೂರಿಸುತ್ತದೆ. ಅಪರ್ಚರ್ ಎಷ್ಟೇ ಇಟ್ಟರೂ ಅದು ಕದಲದು. ಇದರಲ್ಲೊಂದು ಅನುಕೂಲವೂ ಇದೆ. ಮಬ್ಬಾದದ್ದನ್ನು ಕಂಪ್ಯೂಟರ್ ಪೂರ್ತಿ ವಾಪಸ್ ತರಲಾರದು. ಜಾಗ ತಪ್ಪಿದ್ದನ್ನು ಸರಿಯಾದ ಜಾಗಕ್ಕೆ ಎತ್ತಿಡಬಲ್ಲದು. ನಿಮ್ಮ ಕಂಬ ಒಂದು ಕ್ಲಿಕ್‌ಗೆ ನೆಟ್ಟಗಾದದ್ದು ಹೀಗೆ.

ಅಪರ್ಚರ್ ಎಷ್ಟು ತೆರೆದಿದೆ ಎಂಬುದು ಲೆಕ್ಕಕ್ಕಿಲ್ಲದಿದ್ದರೂ ಅದು ಎಲ್ಲಿ ಕುಳಿತಿದೆ ಎಂಬುದೇ ಇಲ್ಲಿ ಮುಖ್ಯ. ಉಬ್ಬು ಗಾಜಿನ ಮುಂದೆ ಕುಳಿತರೆ ಬ್ಯಾರಲ್, ಹಿಂದೆ ಕುಳಿತರೆ ಪಿನ್‌ಕುಶನ್. ತಗ್ಗು ಗಾಜಿಗೆ ಇದೇ ತಿರುಗುಮುರುಗು. ನೋಡಬೇಕೆಂದರೆ ಭೂತಗನ್ನಡಿಯನ್ನು ಗ್ರಾಫ್ ಹಾಳೆಯ ಮೇಲೆ ಎತ್ತಿ ಹಿಡಿದು, ತುಸು ದೂರದಿಂದ ಗಾಜಿನ ಅಂಚಿನ ಚೌಕಗಳನ್ನು ಗಮನಿಸಿ. ಇಲ್ಲಿ ನಿಮ್ಮ ಕಣ್ಣಿನ ಪಾಪೆಯೇ ಗಾಜಿನ ಹಿಂದಿರುವ ಅಪರ್ಚರ್. ಚೌಕದ ಮೂಲೆಗಳು ಹೊರಕ್ಕೆ ಎಳೆದು ನಿಂತಿರುತ್ತವೆ. ದೂರದ್ದು ಕಾಣದವರ ದಪ್ಪ ಮೈನಸ್ ಕನ್ನಡಕದಲ್ಲಿ ಕಿಟಕಿಯ ಸರಳು ನೋಡಿದರೆ ಹೊರಕ್ಕೆ ಉಬ್ಬಿರುತ್ತದೆ. ಹಿಂದೆ ಪೊರೆ ಆಪರೇಷನ್ ಆದ ಅಜ್ಜಂದಿರು ಸೋಡಾ ಬಾಟಲಿ ತಳದಂಥ ಕನ್ನಡಕ ಹಾಕಿಕೊಂಡು ಹೊಸ್ತಿಲಲ್ಲಿ ತಡವರಿಸುತ್ತಿದ್ದುದಕ್ಕೂ ಈ ಪಿನ್‌ಕುಶನ್ ಒಂದು ಕಾರಣ. ಕಣ್ಣೊಳಗೇ ಕೂರಿಸುವ ಲೆನ್ಸನ್ನು ಹೆರಾಲ್ಡ್ ರಿಡ್ಲಿ ಲಂಡನ್ನಿನಲ್ಲಿ 1949ರಲ್ಲೇ ಅಳವಡಿಸಿದರೂ ಅದು ನಮ್ಮ ಹಳ್ಳಿಗಳಿಗೆ ಬರಲು ಕಾಲ ಹಿಡಿಯಿತು.

ಇನ್ನು ನಿಮ್ಮ ಕಿಟ್ ಲೆನ್ಸ್. ಡಿಎಸ್‌ಎಲ್‌ಆರ್ ಒಳಗೆ ಎದ್ದು ಬೀಳುವ ಕನ್ನಡಿಗೆ ಜಾಗ ಬೇಕು. ಆದ್ದರಿಂದ ಲೆನ್ಸ್ ಕೂರುವ ಉಂಗುರದಿಂದ ಸೆನ್ಸರ್‌ಗೆ ಕೆನಾನ್‌ನಲ್ಲಿ 44 ಮಿ.ಮೀ., ನಿಕಾನ್‌ನಲ್ಲಿ 46.5 ಮಿ.ಮೀ. ಅಂತರ ಬಿಟ್ಟಿರುತ್ತಾರೆ. 18 ಮಿ.ಮೀ. ಫೋಕಲ್ ಲೆಂಗ್ತ್ ಇರುವ ಲೆನ್ಸ್ ಅಷ್ಟು ದೂರದಿಂದ ಚಿತ್ರ ಮೂಡಿಸಬೇಕಾದರೆ ಮುಂದೆ ತಗ್ಗು ಗಾಜಿನ ಗುಂಪು, ಹಿಂದೆ ಉಬ್ಬು ಗಾಜಿನ ಗುಂಪು ಇಡದೆ ಗತ್ಯಂತರವಿಲ್ಲ. ತಗ್ಗು ಗಾಜು ಅಪರ್ಚರಿನ ಮುಂದೆ, ಉಬ್ಬು ಗಾಜು ಹಿಂದೆ. ಎರಡೂ ಬ್ಯಾರಲ್ ಕಡೆಗೇ ಎಳೆಯುತ್ತವೆ. ವಿನ್ಯಾಸಕರು ಇನ್ನಷ್ಟು ಗಾಜು ಸೇರಿಸಿ ಇದನ್ನು ತಗ್ಗಿಸುತ್ತಾರೆ, ಆದರೆ ಕಿಟ್ ಲೆನ್ಸಿನ ಬೆಲೆಯಲ್ಲಿ ಎಷ್ಟೆಂದು ಸೇರಿಸಿಯಾರು? ಈ ತೊಡಕಿಗೆ ಸೊಗಸಾದ ಪರಿಹಾರ ಕಂಡದ್ದು 1866ರಲ್ಲಿ. ಇಂಗ್ಲೆಂಡಿನಲ್ಲಿ ಡಾಲ್ಮೇಯರ್, ಜರ್ಮನಿಯಲ್ಲಿ ಸ್ಟೈನ್‌ಹೈಲ್ ಒಂದೇ ವರ್ಷ, ಒಂದೇ ಉಪಾಯಕ್ಕೆ ಬಂದರು. ಒಂದೇ ಬಗೆಯ ಎರಡು ಗಾಜಿನ ಜೋಡಿಗಳನ್ನು ಎದುರುಬದುರು ಇಟ್ಟು ನಡುವೆ ಅಪರ್ಚರ್ ಕೂರಿಸಿದರೆ, ಮುಂದಿನದು ಮಾಡಿದ ತಪ್ಪನ್ನು ಹಿಂದಿನದು ಅಳಿಸುತ್ತದೆ. ಕಟ್ಟಡಗಳ ಫೋಟೊ ತೆಗೆಯುವವರು ಎಷ್ಟೋ ವರ್ಷ ಇದನ್ನೇ ನೆಚ್ಚಿಕೊಂಡಿದ್ದರು. ಇವತ್ತಿನ 50 ಮಿ.ಮೀ. ಲೆನ್ಸ್‌ಗಳಲ್ಲಿ ಡಿಸ್ಟಾರ್ಷನ್ ಕಡಿಮೆಯಿರುವುದೂ ಬಹುಮಟ್ಟಿಗೆ ಈ ಸಮತೆಯಿಂದಲೇ.

ಈಗ ಅತ್ತೆಯವರ ವಿಷಯ. ನಿಮ್ಮ ಪ್ರಶ್ನೆಯ ಸ್ವಾರಸ್ಯವಿರುವುದೇ ಇಲ್ಲಿ.

ಆ ಫೋಟೊದ ಕರೆಕ್ಷನ್ ಮಾಡಿದ ಪ್ರತಿಯನ್ನು ತೆರೆದು, ಅವರ ಹಿಂದೆ ಕಟ್ಟಿರುವ ಫ್ಲೆಕ್ಸ್ ನೋಡಿ. ಹೆಸರುಗಳನ್ನು ಕನ್ನಡದಲ್ಲಿ ಬರೆಸಿದ್ದರೆ ಒಂದು ಸೊನ್ನೆಯಾದರೂ ಅಂಚಿನ ಬಳಿ ಸಿಗುತ್ತದೆ. ನೀವು ಕ್ಯಾಮೆರಾವನ್ನು ಫ್ಲೆಕ್ಸ್‌ಗೆ ನೇರವಾಗಿ ಹಿಡಿದಿದ್ದರೆ ಆ ಸೊನ್ನೆ ದುಂಡಗೇ ಇರುತ್ತದೆ, ನಡುವಿನ ಸೊನ್ನೆಯಷ್ಟೇ. ಅದರ ಮುಂದೆಯೇ ನಿಂತ ಅತ್ತೆಯವರ ತಲೆ ಮಾತ್ರ ಅಡ್ಡಕ್ಕೆ ಎಳೆದ ಮೊಟ್ಟೆ. ಲೆನ್ಸ್ ಕೆಟ್ಟಿದ್ದರೆ ಸೊನ್ನೆಯನ್ನು ಬಿಟ್ಟು ತಲೆಯನ್ನಷ್ಟೇ ಎಳೆಯುತ್ತಿತ್ತೇ?

ಲೆನ್ಸೇ ಇಲ್ಲದೆ ಇದನ್ನು ಮಾಡಿ ನೋಡಬಹುದು. ಕತ್ತಲ ಕೋಣೆಯಲ್ಲಿ ಫೋನಿನ ಟಾರ್ಚ್ ಹೊತ್ತಿಸಿ ಗೋಡೆಗೆ ಎದುರಾಗಿ ನಿಲ್ಲಿಸಿ. ಒಂದು ಟೆನಿಸ್ ಚೆಂಡನ್ನು ದೀಪಕ್ಕೂ ಗೋಡೆಗೂ ನಡುವೆ ಹಿಡಿಯಿರಿ. ನೆರಳು ದುಂಡಗೆ ಬೀಳುತ್ತದೆ. ಚೆಂಡನ್ನು ಗೋಡೆಗೆ ಸಮಾನಾಂತರವಾಗಿ ಪಕ್ಕಕ್ಕೆ ಸರಿಸುತ್ತಾ ಹೋಗಿ. ನೆರಳು ಉದ್ದುದ್ದಕ್ಕೆ ಎಳೆಯುತ್ತಾ ಹೋಗುತ್ತದೆ. ಈಗ ಚೆಂಡಿನ ಬದಲು ರಟ್ಟಿನ ಬಿಲ್ಲೆಯೊಂದನ್ನು ಗೋಡೆಗೆ ಸಮಾನಾಂತರವಾಗಿ ಹಿಡಿದು ಸರಿಸಿ. ಅದರ ನೆರಳು ಎಲ್ಲಿ ಹೋದರೂ ದುಂಡಗೇ. ಫ್ಲೆಕ್ಸ್ ಮೇಲಿನ ಸೊನ್ನೆ ಆ ಬಿಲ್ಲೆ, ಅತ್ತೆಯವರ ತಲೆ ಆ ಚೆಂಡು. ಚಪ್ಪಟೆ ಸೆನ್ಸರ್ ಮೇಲೆ ಗೆರೆಗಳನ್ನೆಲ್ಲ ನೆಟ್ಟಗೆ ಮೂಡಿಸುವ ಎಂಥ ಲೆನ್ಸ್ ಆದರೂ, ಅದಕ್ಕೆ ಲಕ್ಷ ರೂಪಾಯಿ ಕೊಟ್ಟಿದ್ದರೂ, ಹೀಗೇ ಮಾಡುತ್ತದೆ. ಗೆರೆ ನೆಟ್ಟಗಿರಬೇಕೋ ಮುಖ ದುಂಡಗಿರಬೇಕೋ ಎಂಬುದರಲ್ಲಿ ಒಂದನ್ನು ಆರಿಸಬೇಕು. ಅಗಲದ ನೋಟದಲ್ಲಿ ಎರಡೂ ಒಟ್ಟಿಗೆ ಸಿಗುವುದಿಲ್ಲ. ಶ್ರೀರಂಗಪಟ್ಟಣದ ಗುಂಬಜನ್ನು ವೈಡ್ ಲೆನ್ಸಿನಲ್ಲಿ ಚೌಕಟ್ಟಿನ ಮೂಲೆಗೆ ತಂದು ನೋಡಿ, ಅಷ್ಟು ಅಂದದ ಗೋಳ ಮೂಲೆಯತ್ತ ಜಗ್ಗಿದಂತಾಗುತ್ತದೆ.

ಎಷ್ಟು ಜಗ್ಗುತ್ತದೆ? ನಿಮ್ಮ ಕ್ಯಾಮೆರಾದ ಎಪಿಎಸ್-ಸಿ ಅಳತೆಯ ಸೆನ್ಸರ್ ಸುಮಾರು 23.5 ಮಿ.ಮೀ. ಅಗಲ. 18 ಮಿ.ಮೀ.ನಲ್ಲಿ ಪಕ್ಕದ ಅಂಚು ನಡುವಿನಿಂದ ಸುಮಾರು 33 ಡಿಗ್ರಿ ಆಚೆಗಿರುತ್ತದೆ. ಅಲ್ಲಿ ತಲೆಯ ಅಗಲ ಎತ್ತರಕ್ಕೆ ಹೋಲಿಸಿದರೆ 1.2 ಪಟ್ಟು, ಅಂದರೆ ಶೇಕಡಾ 20 ಹೆಚ್ಚು. ಕರೆಕ್ಷನ್ ಹಾಕುವ ಮುಂಚೆ ಅವರು ಸ್ವಲ್ಪ ತೆಳ್ಳಗಿದ್ದುದಕ್ಕೂ ಲೆಕ್ಕವಿದೆ. ಅಂಚಿನಲ್ಲಿ ಶೇಕಡಾ 3 ಬ್ಯಾರಲ್ ಇತ್ತೆಂದು ಇಟ್ಟುಕೊಳ್ಳಿ. ಘನದ ಲೆಕ್ಕದಲ್ಲಿ ಬೆಳೆಯುವುದರಿಂದ ಆ ಜಾಗದ ಒಂದು ಚಿಕ್ಕ ವಸ್ತು ಅಡ್ಡಕ್ಕೆ ಶೇಕಡಾ 9 ಕುಗ್ಗಿರುತ್ತದೆ, ಉದ್ದಕ್ಕೆ ಶೇಕಡಾ 3 ಮಾತ್ರ. ಅಂದರೆ ಲೆನ್ಸಿನ ದೋಷವೇ ಅತ್ತೆಯವರನ್ನು ಸುಮಾರು ಶೇಕಡಾ 6ರಷ್ಟು ತೆಳ್ಳಗೆ ಮಾಡಿ, ಶೇಕಡಾ 20ರ ಎಳೆತವನ್ನು 12ರ ಆಸುಪಾಸಿಗೆ ಇಳಿಸಿತ್ತು. ನೀವು ಕರೆಕ್ಷನ್ ಒತ್ತಿ ಆ ಉಪಕಾರವನ್ನು ಕಿತ್ತುಹಾಕಿದಿರಿ. ದುಬಾರಿ ಲೆನ್ಸ್ ಅದನ್ನು ಫೋಟೊ ತೆಗೆಯುವಾಗಲೇ ಕಿತ್ತುಹಾಕಿರುತ್ತದೆ, ಅಷ್ಟೇ ವ್ಯತ್ಯಾಸ.

ಶಾಸ್ತ್ರದ ಪ್ರಕಾರ ಇನ್ನೊಂದು ಪರಿಹಾರವುಂಟು. 18 ಇಂಚು ಅಗಲದ ಆ ಪ್ರಿಂಟನ್ನು ಸುಮಾರು 14 ಇಂಚು ದೂರದಲ್ಲಿ, ಒಂದು ಕಣ್ಣು ಮುಚ್ಚಿ, ಚಿತ್ರದ ನಡುವಿಗೆ ಎದುರಾಗಿ ನೋಡಿದರೆ ಅತ್ತೆಯವರು ಸರಿಯಾಗಿಯೇ ಕಾಣುತ್ತಾರೆ. ಬೀಗರಿಗೆಲ್ಲ ಒಂದೊಂದು ಕಣ್ಣು ಮುಚ್ಚಿ ಆಲ್ಬಮ್ ನೋಡಿ ಎನ್ನುವ ಧೈರ್ಯ ನಿಮಗಿದ್ದರೆ ಪ್ರಯತ್ನಿಸಿ.

ಧೈರ್ಯವಿಲ್ಲದಿದ್ದರೆ ಹಿಂದಕ್ಕೆ ಹೋಗಿ. 16 ಅಡಿ ಅಗಲ ನಿಂತ ಗುಂಪನ್ನು 18 ಮಿ.ಮೀ.ನಲ್ಲಿ ತುಂಬಿಸಲು ನೀವು ಸುಮಾರು 12 ಅಡಿ ದೂರದಲ್ಲಿ ನಿಂತಿರುತ್ತೀರಿ. 24 ಅಡಿಗೆ ಸರಿದು 35 ಮಿ.ಮೀ.ಗೆ ಝೂಮ್ ಮಾಡಿದರೆ ಅದೇ ಗುಂಪು ಅಷ್ಟೇ ತುಂಬುತ್ತದೆ, ಅಂಚಿನ ಎಳೆತ ಶೇಕಡಾ 20ರಿಂದ 5ರ ಹತ್ತಿರಕ್ಕೆ ಇಳಿಯುತ್ತದೆ. ಬ್ಯಾರಲ್ ಕೂಡ ಆ ಫೋಕಲ್ ಲೆಂಗ್ತ್‌ನಲ್ಲಿ ಬಹುತೇಕ ಮಾಯ. ಛತ್ರದಲ್ಲಿ 24 ಅಡಿ ಸಿಗಬೇಕಾದರೆ ಮುಂದಿನ ಎರಡು ಸಾಲು ಕುರ್ಚಿ ಎತ್ತಿಸಬೇಕಾಗಬಹುದು, ವಿಡಿಯೊದವನ ಜೊತೆ ಒಂದೆರಡು ಮಾತೂ ಆಗಬಹುದು. ಆದರೂ ಹತ್ತು ಸಾವಿರದ ಲೆನ್ಸಿಗಿಂತ ಆ ಹನ್ನೆರಡು ಅಡಿಯೇ ದೊಡ್ಡದು. ಜಾಗ ಇಲ್ಲವೇ ಇಲ್ಲ ಎಂದಾಗ ಎರಡು ಸಾಲು ಮಾಡಿ ನಿಲ್ಲಿಸಿ, ಎರಡೂ ತುದಿಯಲ್ಲಿ ಸ್ವಲ್ಪ ಖಾಲಿ ಬಿಡಿ, ಆಮೇಲೆ ಕ್ರಾಪ್ ಮಾಡಿ. ಅಂಚಿಗೆ ತೆಳ್ಳಗಿನವರನ್ನು ಹಾಕುವುದು ಹಳೇ ಫೋಟೊಗ್ರಾಫರ್‌ಗಳ ಉಪಾಯ, ಯಾಕೆಂದು ಹೇಳಬಾರದು ಅಷ್ಟೇ. ಸಾಲಿನ ತುದಿಯವರನ್ನು ಮುಂದಕ್ಕೆ ತಂದು ಅರ್ಧಚಂದ್ರದಂತೆ ನಿಲ್ಲಿಸುವ ಅಭ್ಯಾಸ ನಿಮಗಿದ್ದರೆ ವೈಡ್ ತುದಿಯಲ್ಲಿ ಬಿಟ್ಟುಬಿಡಿ. ಅಗಲವಾಗುವುದಲ್ಲದೆ ಅವರು ಒಟ್ಟಾರೆ ದೊಡ್ಡದಾಗಿಯೂ ಬರುತ್ತಾರೆ.

ಈಗಾಗಲೇ ತೆಗೆದಿರುವ ಫೋಟೊಗೆ? ಲೈಟ್‌ರೂಮ್‌ನಲ್ಲಿ ಪ್ರೊಫೈಲ್ ಕರೆಕ್ಷನ್‌ನ ಡಿಸ್ಟಾರ್ಷನ್ ಸ್ಲೈಡರನ್ನು 100ರಿಂದ 40–50ಕ್ಕೆ ಇಳಿಸಿ. ಕಂಬ ತುಸು ಬಾಗಲಿ. ಮದುವೆ ಆಲ್ಬಮ್‌ನಲ್ಲಿ ಜನ ಕಂಬಕ್ಕಿಂತ ಮುಖವನ್ನೇ ನೋಡುತ್ತಾರೆ ಎಂಬುದು ನನ್ನ ಅಭಿಪ್ರಾಯ. ತುದಿಯವರನ್ನು ಮತ್ತೆ ದುಂಡಗೆ ಮಾಡಲೆಂದೇ ಡಿಎಕ್ಸ್‌ಓ ವ್ಯೂಪಾಯಿಂಟ್ ಎಂಬ ಸಾಫ್ಟ್‌ವೇರ್‌ನಲ್ಲಿ ಒಂದು ಸಾಧನವಿದೆ. ಖರ್ಚಿಲ್ಲದೆ ಆಗಬೇಕೆಂದರೆ ಹ್ಯೂಗಿನ್ ಎಂಬ ಸಾಫ್ಟ್‌ವೇರ್‌ನಲ್ಲಿ ಪಾನಿನಿ ಪ್ರೊಜೆಕ್ಷನ್ (ನೋಟವನ್ನು ಚಪ್ಪಟೆ ಚಿತ್ರಕ್ಕೆ ಇಳಿಸುವ ಒಂದು ವಿಧಾನ) ಹಾಕಿ. ಅದು ನಿಂತ ಕಂಬಗಳನ್ನು ನೆಟ್ಟಗಿಟ್ಟು ಅಡ್ಡಗೆರೆಗಳಲ್ಲಿ ಕೆಲವನ್ನು ಬಾಗಲು ಬಿಟ್ಟು ಮುಖಗಳನ್ನು ಉಳಿಸುತ್ತದೆ. ಫೋನುಗಳು ಇದಕ್ಕಿಂತ ಜಾಣ. ಮುಖಗಳಿರುವ ಕಡೆ ಮಾತ್ರ ದುಂಡು ಉಳಿಸುವ ಪ್ರೊಜೆಕ್ಷನ್, ಹಿನ್ನೆಲೆಗೆ ಗೆರೆ ಉಳಿಸುವ ಪ್ರೊಜೆಕ್ಷನ್ ಹಾಕಿ ಎರಡನ್ನೂ ನಯವಾಗಿ ಬೆಸೆಯುವ ವಿಧಾನವನ್ನು ಗೂಗಲ್‌ನ ಸಂಶೋಧಕರು 2019ರಲ್ಲಿ ವಿವರಿಸಿದ್ದರು. ಫೋನಿನಲ್ಲಿ ತೆಗೆದ ಗ್ರೂಪ್ ಫೋಟೊ ಕೆಲವೊಮ್ಮೆ ನಿಮ್ಮದಕ್ಕಿಂತ ಚೆನ್ನಾಗಿ ಬಂದಿದ್ದರೆ ಬೇಜಾರು ಮಾಡಿಕೊಳ್ಳಬೇಡಿ.

ಚರ್ಚಿನ ವಿಷಯ ಬೇಗ ಮುಗಿಯುತ್ತದೆ. ಅದರ ಗೋಪುರಗಳು 175 ಅಡಿ ಎತ್ತರ. ಹತ್ತಿರ ನಿಂತು ತುದಿ ಹಿಡಿಸಲು ನೀವು ಕ್ಯಾಮೆರಾವನ್ನು ಮೇಲಕ್ಕೆ ಓರೆ ಮಾಡಿದ್ದೀರಿ. ಸೆನ್ಸರ್ ಗೋಪುರಕ್ಕೆ ಸಮಾನಾಂತರವಾಗಿ ಉಳಿಯಲಿಲ್ಲ, ಹಾಗಾಗಿ ನಿಂತ ಗೆರೆಗಳು ಮೇಲೆ ಹೋದಂತೆ ಒಂದಕ್ಕೊಂದು ಹತ್ತಿರವಾದವು. ಸ್ಕೇಲ್ ಇಟ್ಟರೆ ಪ್ರತಿ ಗೆರೆಯೂ ನೆಟ್ಟಗೇ ಇರುತ್ತದೆ. ಕ್ಯಾಮೆರಾವನ್ನು ಮಟ್ಟಸವಾಗಿ, ಚೌಕಟ್ಟನ್ನು ನಿಲುವಾಗಿ ಹಿಡಿದು 18 ಮಿ.ಮೀ.ನಲ್ಲಿ ತುದಿ ಹಿಡಿಸಬೇಕಾದರೆ ಸುಮಾರು 260 ಅಡಿ ದೂರ ಬೇಕು, ಚಿತ್ರದ ಕೆಳಗಿನ ಅರ್ಧ ಬರೀ ನೆಲವಾಗುತ್ತದೆ, ಅದನ್ನು ಕತ್ತರಿಸಿ ಎಸೆಯಬಹುದು. ಹಿಂದಿನ ದೊಡ್ಡ ಪ್ಲೇಟ್ ಕ್ಯಾಮೆರಾಗಳಲ್ಲಿ ಲೆನ್ಸ್ ಹಲಗೆಯನ್ನೇ ಮೇಲೆತ್ತಿ ಇದನ್ನು ಸಾಧಿಸುತ್ತಿದ್ದರು. 1960ರ ದಶಕದ ಆರಂಭದಲ್ಲಿ ನಿಕಾನ್ ಅದೇ ಉಪಾಯವನ್ನು 35 ಮಿ.ಮೀ.ನ ಶಿಫ್ಟ್ ಲೆನ್ಸ್‌ಗೆ ಇಳಿಸಿತು. ಇವತ್ತೂ ಶಿಫ್ಟ್ ಲೆನ್ಸ್ ಸಿಗುತ್ತದೆ, ಮದುವೆ ಕೆಲಸಕ್ಕೆ ಅದನ್ನು ಕೊಳ್ಳುವುದು ದಂಡ. ಸಾಫ್ಟ್‌ವೇರ್‌ನಲ್ಲಿ ವರ್ಟಿಕಲ್ ಸ್ಲೈಡರ್ ಎಳೆದರೆ ಸಾಕು. ಆದರೆ ಪೂರ್ತಿ ನೆಟ್ಟಗೆ ಮಾಡಬೇಡಿ. ತಲೆಯೆತ್ತಿ ನೋಡುವವರಿಗೆ ಗೋಪುರ ತುಸು ಕಿರಿದಾಗುವುದೇ ಸಹಜ, ಅಳತೆಗೆ ಸರಿಯಾಗಿ ತಿದ್ದಿದರೆ ತಲೆಭಾರವಾಗಿ ಮುಂದಕ್ಕೆ ಬೀಳುವಂತೆ ಕಾಣುತ್ತದೆ. ಮೂರರಲ್ಲಿ ಎರಡು ಪಾಲು ತಿದ್ದಿ ಬಿಡಿ.

ಕೊನೆಗೆ, ಲೆನ್ಸ್ ನಿಜವಾಗಿಯೂ ಕೆಟ್ಟಿದೆಯೇ ಎಂಬ ಅನುಮಾನ ಇನ್ನೂ ಇದ್ದರೆ ಪರೀಕ್ಷೆ ಸುಲಭ. ವೈಮಾನಿಕ ಸರ್ವೆ ಕ್ಯಾಮೆರಾಗಳ ಡಿಸ್ಟಾರ್ಷನ್ ಅಳೆಯುವ ಸೂತ್ರಗಳಿಗೆ ಹೆಸರಾದ ಡುವೇನ್ ಬ್ರೌನ್ 1971ರಲ್ಲಿ ಪ್ರಕಟಿಸಿದ ವಿಧಾನದಲ್ಲಿ, ಗಾರೆಯವರು ಗೋಡೆ ನೋಡಲು ಇಳಿಬಿಡುವಂಥ ಗುಂಡು ಕಟ್ಟಿದ ದಾರಗಳೇ ಮುಖ್ಯ ಸಾಮಗ್ರಿ. ನೀವೂ ಕಪ್ಪು ಬಟ್ಟೆಯ ಮುಂದೆ ಒಂದು ಬಿಳಿ ದಾರಕ್ಕೆ ಭಾರ ಕಟ್ಟಿ ಇಳಿಬಿಡಿ. ಫ್ಯಾನ್ ಆರಿಸಿ, ಕ್ಯಾಮೆರಾ ಟ್ರೈಪಾಡ್ ಮೇಲಿರಲಿ, ಕರೆಕ್ಷನ್ ಆಫ್ ಇರಲಿ. ಒಮ್ಮೆ ದಾರ ಎಡ ಅಂಚಿಗೆ, ಇನ್ನೊಮ್ಮೆ ಬಲ ಅಂಚಿಗೆ ಬರುವಂತೆ ತೆಗೆಯಿರಿ. ಎರಡೂ ಕಡೆ ಒಂದೇ ಸಮ ಬಾಗಿದ್ದರೆ ಲೆನ್ಸ್ ಹುಟ್ಟಿದ್ದೇ ಹಾಗೆ, ಅದು ದೋಷವಲ್ಲ. ಒಂದು ಕಡೆ ಹೆಚ್ಚು, ಇನ್ನೊಂದು ಕಡೆ ಕಡಿಮೆ ಇದ್ದರೆ ಒಳಗಿನ ಗಾಜು ಜಾಗ ಬಿಟ್ಟು ಸರಿದಿರಬಹುದು, ಬಿದ್ದ ಲೆನ್ಸ್‌ಗಳಲ್ಲಿ ಹೀಗಾಗುತ್ತದೆ. ಖಚಿತ ಮಾಡಿಕೊಳ್ಳಲು ಗೋಡೆಗೆ ದಿನಪತ್ರಿಕೆಯ ಹಾಳೆಗಳನ್ನು ಅಂಟಿಸಿ, ಕ್ಯಾಮೆರಾವನ್ನು ಗೋಡೆಗೆ ನೇರವಾಗಿಟ್ಟು, ಅಪರ್ಚರ್ ಪೂರ್ತಿ ತೆರೆದು ಒಂದು ಫೋಟೊ ತೆಗೆದು ನಾಲ್ಕು ಮೂಲೆಗಳ ಅಕ್ಷರಗಳನ್ನು ಹೋಲಿಸಿ. ಒಂದು ಮೂಲೆ ಮಾತ್ರ ಎದ್ದು ಕಾಣುವಷ್ಟು ಮಬ್ಬಾಗಿದ್ದರೆ ಸರ್ವಿಸ್‌ಗೆ ಕೊಡಿ. ನಾಲ್ಕೂ ಒಂದೇ ಥರ ಇದ್ದರೆ ಅದೇ ಲೆನ್ಸಿನಲ್ಲಿ ಕೆಲಸ ಮುಂದುವರಿಸಿ. ಕೈಯಲ್ಲಿ ದುಡ್ಡಿದ್ದು ಏನಾದರೂ ಕೊಳ್ಳಲೇಬೇಕೆನಿಸಿದರೆ ವೈಡ್ ಬೇಡ, 35 ಮಿ.ಮೀ.ನ ಒಂದು ಪ್ರೈಮ್ (ಝೂಮ್ ಇಲ್ಲದ) ಲೆನ್ಸ್ ತೆಗೆದುಕೊಳ್ಳಿ.